ಕಿವಿರು ಎತ್ತಿ ನೋಡಿದವಳು

ಅವಳ ಬಲಗೈ ಹೆಬ್ಬೆರಳಿನ ಉಗುರು ಕೋಳಿಕೊಕ್ಕಿನ ಹಾಗೆ ಬಾಗಿತ್ತು. ಗಂಗೊಳ್ಳಿ ಬಂದರಿನಲ್ಲಿ ಕಿವಿರು ಎತ್ತಿ, ಕೆಂಪಿದ್ದರೆ ತಾಜಾ, ಕಪ್ಪಿದ್ದರೆ ಹಾಳು ಎಂದು ಮೀನು ಆರಿಸಿ ಆರಿಸಿ ಹಾಗಾದದ್ದು. ವೃದ್ಧಾಶ್ರಮದಲ್ಲಿ ನನ್ನ ಪಕ್ಕದ ಮಂಚದವಳು. ನಾನು ಬಸ್ರೂರಿನ ಗದ್ದೆ ಮನೆಯವಳು. ಮೀನು ತಿನ್ನುವುದು ಬೇರೆ, ಮೀನಿನವಳ ಪಕ್ಕ ಮಲಗುವುದು ಬೇರೆ. ಮೊದಲ ದಿನವೇ ಸೆರಗು ಮೂಗಿಗೆ ಹಿಡಿದೆ.

"ಮೂಗ್ ಮುಚ್ಕಣಿ ಅಮ್ಮಾ. ಬಾಯಿ ತೆರ್ದಿರ್ಲಿ, ಉಸ್ರಾಡುಕ್ ಬೇಕಲ್ದಾ?" ಎಂದಳು.

ಜಗಳಗಂಟಿ. ಅನ್ನ ಮೂಸದೆ ಉಣ್ಣಳು, ಹೊದಿಕೆ ಮಗುಚದೆ ಮಲಗಳು. "ಮೇಲಿಂದ ಕಂಡ್ರೆ ಎಲ್ಲಾ ಮೀನೂ ಹೊಳೀತ್ತ್" ಎನ್ನುವುದು ಅವಳ ಮಾತು.

ನಾನು ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದೆ. ಮಗ್ಗುಲು ಬದಲಿಸುವವರಿಲ್ಲದೆ ಬೆನ್ನಡಿ ಹುಣ್ಣಾಗಿ ನಾರತೊಡಗಿತು. ಮೂಗು ಮುಚ್ಚುವ ಸರದಿ ಅವಳದು. ಮುಚ್ಚಲಿಲ್ಲ. ಮ್ಯಾನೇಜರನಿಗೆ ದಿನಾ ಹೇಳಿದಳು. ಅವನು ನೆಲಕ್ಕೆ ಫಿನಾಯಿಲ್ ಹಾಕಿಸಿದ.

ಇನ್ನು ಸರ್ಕಾರದ ತಪಾಸಣೆ. ಕಳ್ಳನಿಗೆ ಫೋನು ಮಾಡಿ ಪೊಲೀಸರು ಬಂದ ಹಾಗೆ. ಫೋನು ಬಂದೊಡನೆ ಕಪಾಟಿನ ಹೊಸ ಚಾದರಗಳು ಮಂಚಕ್ಕೆ ಬಂದವು, ನನ್ನನ್ನು ಹಿಂದಿನ ಅಕ್ಕಿ ಕೋಣೆಗೆ ಹೊತ್ತು ಹಾಕಿದರು. "ಸ್ವಲ್ಪ ಹೊತ್ತು ಅಮ್ಮ, ಗಾಳಿ ಬದಲಾಗಲಿ" ಎಂದು ಮ್ಯಾನೇಜರ ಬಾಗಿಲು ಎಳೆದುಕೊಂಡ. ಕಿಟಕಿಯೇ ಇಲ್ಲದ ಕೋಣೆ. ಬೆನ್ನಿನ ಉರಿಗೆ ಕೂಗಲೂ ಶಕ್ತಿಯಿರಲಿಲ್ಲ.

ಇಸ್ತ್ರಿ ಶರ್ಟಿನ ಆಫೀಸರ ಬಂದ. ಬಾಗಿಲು ಅಳೆದನಂತೆ, ಬೆಂಕಿ ಆರಿಸುವ ಮರಳಿನ ಬಕೆಟಿನ ಫೋಟೋ ಹಿಡಿದನಂತೆ. ಮುದುಕಿಯರನ್ನು ಸಾಲಾಗಿ ಕೂರಿಸಿ "ಊಟ ಚೆನ್ನಾಗಿದೆಯಾ?" ಎಂದ. ಹೇಡಿಗಳು, ಎಲ್ಲರೂ ತಲೆಯಾಡಿಸಿರಬೇಕು. ಆಗ ಅವಳ ದನಿ ಗೋಡೆಯಾಚೆಯಿಂದ ನನಗೆ ಕೇಳಿತು.

"ಹ್ವಾಯ್ ಸಾಹೇಬ್ರೆ, ಮೀನ್ ತಿಂತ್ರಿಯಾ?"

"ತಿನ್ನುತ್ತೇನೆ ಅಜ್ಜಿ."

"ಬುಟ್ಟಿ ಫೋಟೋ ತೆಗ್ದ್ರೆ ಹಾಳಾದ್ ಮೀನ್ ಗೊತ್ತಾತ್ತಾ? ಬನ್ನಿ, ಕಿವಿರ್ ತೋರ್ಸ್ತೆ."

ಬಾಗಿಲು ತೆರೆಯಿತು. ಅವನ ಮಣಿಕಟ್ಟು ಹಿಡಿದೇ ಎಳೆದು ತಂದಿದ್ದಳು. ನನ್ನನ್ನು ಒಂದು ಮಾತೂ ಕೇಳದೆ ಮಗ್ಗುಲಿಗೆ ಹೊರಳಿಸಿ ಸೀರೆ ಸರಿಸಿದಳು.

"ಬಿಡೇ ಹೆಣ್ಣೆ, ಗಂಡ್ಸ್ ಇದ್ದ!" ಎಂದೆ, ಸಾಯುವಷ್ಟು ನಾಚಿಕೆಯಾಗಿ.

"ಸುಮ್ನಿರಿ ಅಮ್ಮಾ. ಗಂಡ್ಸಲ್ಲ ಅಂವ, ಸರ್ಕಾರ." ಅವನ ಕಡೆ ತಿರುಗಿ, "ಕಾಣಿ, ಕೆಂಪ್ ಇತ್ತಾ, ಕಪ್ಪಾ?" ಎಂದಳು.

ಕಪ್ಪಾಗಿತ್ತು. ಆಫೀಸರ ಅಂಗಳಕ್ಕೆ ಓಡಿ ದಾಸವಾಳದ ಬುಡದಲ್ಲಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಬಂದು ಇದ್ದದ್ದನ್ನು ಇದ್ದ ಹಾಗೆ ಬರೆದ. ಅವತ್ತೇ ನನ್ನನ್ನು ಕುಂದಾಪುರದ ಆಸ್ಪತ್ರೆಗೆ ಸಾಗಿಸಿದರು. ನಾಲ್ಕು ದಿನ ತಡವಾಗಿದ್ದರೆ ನಂಜು ಮೈಗೇರಿ ಸಾಯುತ್ತಿದ್ದೆನಂತೆ.

ಗುಣವಾಗಿ ತಿರುಗಿ ಬಂದಾಗ ಅವಳ ಮಂಚದಲ್ಲಿ ಬೇರೆ ಯಾರೋ. ಶಿಸ್ತು ಕೆಡಿಸುತ್ತಾಳೆಂದು ಮ್ಯಾನೇಜರ ಅವಳನ್ನು ನಾವುಂದದ ತಂಗಿಮಗಳ ಮನೆಗೆ ಅಟ್ಟಿದ್ದ. ಅವನಿಗೆ ಒಂದು ನೋಟೀಸು ಬಂತಂತೆ, ಅಷ್ಟೇ. ಮರುವರ್ಷವೂ ಫೋನು ಮಾಡಿಯೇ ತಪಾಸಣೆಗೆ ಬಂದರು, ನಾಚಿಕೆಗೆಟ್ಟವರು.

ಅದೇ ವರ್ಷದ ಮಳೆಗಾಲದಲ್ಲಿ ಅವಳು ಸತ್ತಳು. ಅಷ್ಟರೊಳಗೆ ನಾನು ಕೋಲೂರಿ ನಡೆಯುತ್ತಿದ್ದೆ. ನಾವುಂದಕ್ಕೆ ಬಸ್ಸಿಗೇನೂ ಬರವಿಲ್ಲ. ಮೀನಿನವಳ ಜಗಲಿ ಹತ್ತಿ ಉಪಕಾರವಾಯಿತು ಎನ್ನಲು ನನ್ನ ಸೊಕ್ಕು ಬಿಡಲಿಲ್ಲ. ಆ ಆಫೀಸರನನ್ನು ಇಷ್ಟು ಬೈಯುತ್ತೇನೆ. ಕಣ್ಣಾರೆ ಕಂಡ ಮೇಲೆ ಅವನು ವಾಂತಿ ಮಾಡಿಕೊಂಡಾದರೂ ತನ್ನ ಕೆಲಸ ಮಾಡಿದ. ನಾನು ಅಷ್ಟನ್ನೂ ಮಾಡಲಿಲ್ಲ.