ತೊಳೆದು ತುಂಬಿದ ಬಾಟಲಿ

ನಮ್ಮ ಹಟ್ಟಿಯ ಕುಡಿಯುವ ನೀರಿನಲ್ಲಿ ಪಾದರಸವಿಲ್ಲವೆಂದು ಸಾಬೀತು ಮಾಡಿದವರು ಟ್ಯಾಂಕಿನಿಂದ ಊರಿಗೆ ನೀರು ಬಿಡುವ ಮಾಮ ಎಂದು ಊರೇ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಅವರು ಏನನ್ನೂ ಸಾಬೀತು ಮಾಡಲಿಲ್ಲ. ಮೊನ್ನೆ ಊಟಿಯ ಕಾಲೇಜಿನ ಲ್ಯಾಬಿನಲ್ಲಿ ಆಸಿಡ್ ಬಾಟಲಿಯ ಮುಚ್ಚಳ ತೆಗೆದಾಗ ಘಾಟು ಮೂಗಿಗೆ ಹೊಡೆದು ಕಣ್ಣು ತುಂಬಿತು. ಘಾಟಿಗೇ ತುಂಬಿತು ಎಂದಿಟ್ಟುಕೊಳ್ಳೋಣ...

ಆ ನೀರಿನ ಪರೀಕ್ಷೆ ನಡೆದಾಗ ನಾನು ಪ್ಲಸ್ ಟೂ. ಊರಿಗೆ ನೀರು ಕೊಡುವ ಒರತೆಯ ಮೇಲಿನ ಇಳಿಜಾರಿನಲ್ಲಿ ಒಂದು ಗುಜರಿ ಶೆಡ್ಡು; ಪಾದರಸವಿರುವ ಹಳೆಯ ಟ್ಯೂಬ್‌ಲೈಟು, ಥರ್ಮಾಮೀಟರುಗಳನ್ನು ಅಲ್ಲಿ ಒಡೆಯುತ್ತಿದ್ದರು. ನೀರು ಪರೀಕ್ಷೆಯಾಗಲೇಬೇಕೆಂದು ಊರ ಕೂಟದಲ್ಲಿ ವಾದಿಸಿ ಗೆದ್ದೆ. ನೀರು ಪರೀಕ್ಷಿಸುವ ಲ್ಯಾಬಿನಿಂದ ಬಾಟಲಿ ತಂದವಳೂ ನಾನೇ. ಅದರ ತಳದಲ್ಲಿದ್ದ ಹನಿಗಳೇನೆಂದು ಲ್ಯಾಬಿನವರು ಹೇಳಲಿಲ್ಲ, ನಾನು ಕೇಳಲಿಲ್ಲ.

ನಮ್ಮ ಒರತೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಮೂರು ಸಲ ತೊಳೆಯದ ಪಾತ್ರೆಯಲ್ಲಿ ನೀರು ತುಂಬುವಂತಿಲ್ಲ. ಮಾಮ ಬಾಟಲಿ ಮೂಸಿ ಮುಖ ಕಿವುಚಿದರು.

"ಪೇಟೆಯವಕ್ಕ ಒಂದು ಬಾಟಲಿ ತೊಳೆಯಲೂ ಗೊತ್ತಿಲ್ಲೆ, ಕೂಸೆ!"

ನಾನು ನಕ್ಕೆ. ಅವರು ಮೂರು ಸಲ ತೊಳೆದು ತುಂಬಿದರು.

ಪಾದರಸ ಪತ್ತೆಯಾಗಿಲ್ಲ ಎಂದು ವರದಿ ಬಂತು. ಶೆಡ್ಡು ಉಳಿಯಿತು. "ಏನ ಕೂಸೆ, ನಿನ್ನ ಪಾದರಸ ಎಲ್ಲಿಗೆ ಓಡಿತು?" ಎಂದು ಊರ ಗೌಡರು ಸಿಕ್ಕಲ್ಲೆಲ್ಲ ಕೆಣಕಿದರು.

ಎರಡು ವರ್ಷದ ಮೇಲೆ, ಕಾಲೇಜಿನ ಪಾಠದಲ್ಲಿ ಗೊತ್ತಾಯಿತು: ಮಾಮ ತೊಳೆದು ಚೆಲ್ಲಿದ ಆ ಹನಿಗಳು ಆಸಿಡ್. ಅವಿಲ್ಲದಿದ್ದರೆ ನೀರಿನ ಪಾದರಸ ಬಾಟಲಿಯ ಗೋಡೆಗೇ ಅಂಟಿಕೊಂಡು ಪರೀಕ್ಷೆಗೆ ಸಿಗದೆ ಹೋಗಬಹುದು. ಅಂದರೆ ನೀರು ಕೆಟ್ಟಿದೆಯೆಂದಲ್ಲ, ಒಳ್ಳೆಯದೆಂದೂ ಅಲ್ಲ. ನಮಗೆ ಗೊತ್ತೇ ಇಲ್ಲ.

ಓಡಿಹೋಗಿ ಮಾಮನಿಗೆ ಹೇಳಿದೆ. ಅವರು ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ವಾಲ್ವಿನ ಮೇಲೆ ಕೈಯಿಟ್ಟರು. ಮುಚ್ಚಲೋ, ಆಸರೆಗೋ... ಅದನ್ನು ಪುರಾವೆಯೆಂದು ಮುಂದಿಡಲಾರೆ.

"ಊರಿಗೆ ಈಗ ಹೇಳಬೇಡ ಕೂಸೆ. ಇನ್ನೊಂದು ಬಾಟಲಿ ತಾ. ತೊಳೆಯದೇ ತುಂಬುವೆ. ಆಮೇಲೆ ನಾನೇ ಹೇಳುವೆ."

ನಾನು ವಾದಿಸದೆ ಒಪ್ಪಿದ್ದು ಅದೊಂದೇ ಸಲ. ಕಾಲೇಜಿನ ಪರೀಕ್ಷೆ ಬಂತು, ಬಾಟಲಿ ತರಲು ಒಂದು ತಿಂಗಳು ತಡಮಾಡಿದೆ. ಅಷ್ಟರಲ್ಲಿ ಎದೆನೋವೆಂದು ಮಲಗಿದ ಮಾಮ ಏಳಲಿಲ್ಲ.

ಸತ್ತವರ ಪಾಪಗಳನ್ನು ಹಿರಿಯರೊಬ್ಬರು ಹೆಣದ ಮುಂದೆ ಸಾಲಾಗಿ ಹೇಳಿ ಬಿಡುಗಡೆ ಬೇಡುವುದು ನಮ್ಮ ಪದ್ಧತಿ. ಪ್ರತಿ ಸಾಲಿಗೂ ನೆರೆದವರು 'ಅದು ಪಾಪ' ಎನ್ನುತ್ತಾರೆ. ಹರಿಯುವ ನೀರು ಕೆಡಿಸಿದ ಪಾಪವೂ ಅದರಲ್ಲಿದೆ. ಭಕ್ತಿಯಿಂದ ಬಾಟಲಿ ತೊಳೆದ ಪಾಪ ಅದರಲ್ಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ನನ್ನ ಪಾಪವಂತೂ ಆ ದಿನದ ಲೆಕ್ಕಕ್ಕೆ ಬರುವುದಲ್ಲ.

ಆಮೇಲೆ ಗೌಡರಿಗೆ ಎಲ್ಲ ಹೇಳಿದೆ. "ಸತ್ತವನ ಹೆಸರು ಕೆಡಿಸುವೆಯಾ?" ಎಂದರು. ಮರುಪರೀಕ್ಷೆ ಕೇಳಿದರೆ ಈಗ ಅದು ಮಾಮನ ಮೇಲಿನ ದೂರು. ಊರು ಅದೇ ನೀರು ಕುಡಿಯುತ್ತಿದೆ, ನಮ್ಮ ಮನೆಯೂ. ತೊಳೆದದ್ದನ್ನು ಒಪ್ಪಿ ಹೇಳಬಹುದಾಗಿದ್ದ ಒಬ್ಬ ಸಾಕ್ಷಿಯೂ ಈಗ ಇಲ್ಲ.

ಮಾಮ, ನಾನು ಹೇಳಿದ ಮೇಲೂ ಆ ಒಂದು ತಿಂಗಳು ನೀವು ದಿನಾ ಬೆಳಿಗ್ಗೆ ಊರಿಗೆ ನೀರು ಬಿಟ್ಟಿರಿ. ವಾಲ್ವ್ ತಿರುಗಿಸುವಾಗ ನಿಮ್ಮ ಕೈ ಒಮ್ಮೆಯಾದರೂ ತಡೆಯಿತೇ?