ವೇಬ್ರಿಡ್ಜ್ ನಿಂತಿದ್ದು ನನ್ನಿಂದ

ಇವತ್ತು ಶ್ರೀನಿವಾಸಪುರದ ನಮ್ಮ ಮಾವಿನ ಪಲ್ಪ್ ಫ್ಯಾಕ್ಟರಿಯಲ್ಲಿ ಗಾಡಿಗಳನ್ನು ಲೋಡ್ ಸಮೇತ ತೂಗುವ ವೇಬ್ರಿಡ್ಜ್ ತೂಕ ತೋರಿಸಲೇ ಇಲ್ಲ, ಗೆಳೆಯರೇ. ಗೇಟಿನಾಚೆ ಹಣ್ಣು ತುಂಬಿದ ಟ್ರ್ಯಾಕ್ಟರುಗಳ ಸಾಲು. ನಿನ್ನೆಯಷ್ಟೇ ಕಂಪ್ಯೂಟರ್ ಇಂಜಿನಿಯರ್ ಸುಮಾ ನಾಲ್ಕು ಹಳೇ ಸರ್ವರುಗಳನ್ನು ಒಂದೇ ಹೊಸ ಸರ್ವರಿನೊಳಗೆ ಸೇರಿಸಿ, ಹಳೆಯವನ್ನು ಆಫ್ ಮಾಡಿಸಿದ್ದಳು.

"ನಾಲ್ಕನ್ನ ಒಂದು ಮಾಡಿ ನಮ್ಮನ್ನ ಬೀದಿಗೆ ತಂದ್ಯಲ್ಲಮ್ಮ! ನಾಳೆಯಿಂದ ಬರಬೇಡ!" ಎಂದು ಮ್ಯಾನೇಜರ್ ಎಲ್ಲರೆದುರು ಕೂಗಾಡಿದ. ಹುಡುಗಿ ತಲೆ ತಗ್ಗಿಸಿ ನಿಂತಳು. ನನ್ನ ಹೆಸರು ಎತ್ತಲಿಲ್ಲ.

ಹೋದ ವಾರ ಅವಳು ಸರ್ವರುಗಳ ಪಟ್ಟಿ ಹಿಡಿದು ನನ್ನ ವೇಬ್ರಿಡ್ಜ್ ರೂಮಿಗೆ ಬಂದು, "ತಾತ, ಈ ಸರ್ವರ್ ಹಿಂದೆ ಏನಾದ್ರೂ ಸಿಗಿಸಿದ್ದಾರಾ? ನೋಡ್ಲಾ?" ಎಂದು ಕೇಳಿದ್ದಳು. "ಏನೂ ಇಲ್ಲ, ಹೋಗಮ್ಮ, ತಲೆ ತಿನ್ಬೇಡ" ಎಂದು ಅಟ್ಟಿದ್ದೆ. ಇವತ್ತು ಬಗ್ಗಿ ನೋಡಿದರೆ, ಆಫ್ ಆದ ಆ ಹಳೇ ಸರ್ವರಿನ ಹಿಂದೆ ಪೆನ್ ಡ್ರೈವಿನಂಥ ಬೆರಳುದ್ದದ ಒಂದು ಕೀ ಸಿಗಿಸಿತ್ತು. ಅದಿಲ್ಲದೆ ತೂಕದ ಸಾಫ್ಟ್‌ವೇರ್ ತೆರೆಯುವುದೇ ಇಲ್ಲವಂತೆ.

"ರೀ ಸ್ವಾಮಿ, ಆಯಮ್ಮನ್ನ ಯಾಕ್ರೀ ಬೈತೀರಾ? ನೋಡ್ದೇನೇ ಏನೂ ಇಲ್ಲ ಅಂದಿದ್ದು ನಾನು!" ಎಂದು ಮ್ಯಾನೇಜರಿಗೆ ದಬಾಯಿಸಿದೆ.

ಸುಮಾ ಆ ಕೀಯನ್ನು ಹೊಸ ಸರ್ವರಿಗೆ ಸಿಗಿಸಿ ಅರ್ಧ ಗಂಟೆಯಲ್ಲಿ ತೂಕ ಶುರು ಮಾಡಿಸಿದಳು. ಆಮೇಲೆ ನನಗೇ "ಥ್ಯಾಂಕ್ಸ್ ತಾತ" ಅಂದಳು! ಮ್ಯಾನೇಜರಂತೂ ನನ್ನ ಬಾಯಿಗೆ ಹೆದರಿ ಟ್ರ್ಯಾಕ್ಟರುಗಳನ್ನು ಒಳಗೆ ಬಿಡಿಸಲು ಗೇಟಿನ ಕಡೆ ಓಡಿದ.

ಆ ಹುಡುಗಿಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತದೆ, ಬೈಯಲು ಬರುವುದಿಲ್ಲ. ಅದನ್ನು ನಾನೇ ಕಲಿಸಬೇಕು.