ಗೌರಕ್ಕನ ಮಲ್ಪೆ ಚಟ್ನಿ

ಸಮುದ್ರದ ಊರಿಗೆ ತೆಂಗಿನಕಾಯಿ ಹೊತ್ತುಕೊಂಡು ಹೋಗುವವರನ್ನು ನಾನು ಕಂಡಿದ್ದು ಒಬ್ಬರನ್ನೇ. ನಮ್ಮ ಬೀದಿಯ ಹೆಂಗಸರೆಲ್ಲ ವ್ಯಾನು ಮಾಡಿಕೊಂಡು ಉಡುಪಿ, ಮಲ್ಪೆ, ಕಾಪು ಅಂತ ಹೊರಟರೆ, ಮಿಕ್ಕವರ ಚೀಲದಲ್ಲಿ ಬಟ್ಟೆ, ಟವೆಲ್ಲು, ಮಾತ್ರೆ ಇರುತ್ತಿದ್ದವು. ಗೌರಕ್ಕನ ಚೀಲದಲ್ಲಿ ಜುಟ್ಟು ಸಮೇತ ಕಾಯಿಗಳಿರುತ್ತಿದ್ದವು. ಘಾಟಿಯ ತಿರುವಿನಲ್ಲಿ ಒಂದೊಂದು ಕಾಯಿ ಚೀಲದಿಂದ ತಪ್ಪಿಸಿಕೊಂಡು ಉರುಳುತ್ತ ಹೋಗಿ ಡ್ರೈವರಿನ ಕಾಲಬುಡದಲ್ಲಿ ನಿಲ್ಲುತ್ತಿತ್ತು. ಅವನು ಅದನ್ನೆತ್ತಿ ಹಿಂದಕ್ಕೆ ಕೊಡುತ್ತ, “ಅಮ್ಮಾ, ಅಲ್ಲಿ ದಾರಿ ಉದ್ದಕ್ಕೂ ತೆಂಗಿನ ಮರಾನೇ ಅವೆ ಕಣಮ್ಮ” ಅನ್ನುತ್ತಿದ್ದ.

“ಇರ್ಲಿ ಬುಡಪ್ಪ,” ಅನ್ನುವರು ಗೌರಕ್ಕ. “ಅವು ನೀರು ಕುಡ್ದು ಬೆಳ್ದಿರೋವು. ನಮ್ಮವು ಬಿಸ್ಲು ಕುಡ್ದು ಬೆಳ್ದಿರೋವು. ಎರಡೂ ಒಂದೇ ಆಯ್ತವಾ?”

ಗೌರಕ್ಕನದು ತಿಪಟೂರಿನ ಹಳೆಯ ಕೊಬ್ಬರಿ ಮನೆತನ. ಯಜಮಾನರದು ಮಾರುಕಟ್ಟೆಯಲ್ಲಿ ಮಂಡಿ. ಮನೆಯ ಅಟ್ಟದ ತುಂಬ ಕಾಯಿ. ತಿಂಗಳುಗಟ್ಟಲೆ ಅಲ್ಲೇ ಬಿದ್ದಿದ್ದು, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾಗಿ ಲೊಡಲೊಡ ಅನ್ನುವವು. ಗೌರಕ್ಕ ಕುಳ್ಳಗೆ, ದುಂಡಗೆ ಇದ್ದರು. ಕೊರಳಲ್ಲಿ ಲಿಂಗ, ಮೂಗಿನ ಮೇಲೆ ದಪ್ಪ ಕನ್ನಡಕ. ಆ ಕನ್ನಡಕವನ್ನು ಅವರು ನೋಡುವುದಕ್ಕೆ ಹಾಕಿಕೊಂಡಿದ್ದಕ್ಕಿಂತ ಮೂಸುವುದಕ್ಕೆ ಅಡ್ಡ ಬರುತ್ತದೆಂದು ತೆಗೆದಿಟ್ಟದ್ದೇ ಹೆಚ್ಚು. ನಾನು ಅದೇ ಬೀದಿಯ ತುದಿಯಲ್ಲಿ ಜಗಲಿಯ ಮೇಲೆ ಮಿಷನ್ನು ಹಾಕಿಕೊಂಡು ಬ್ಲೌಸು ಹೊಲಿಯುವವಳು. ಅಳತೆ ಕೊಡಲು ಬಂದರೆ ಗೇಟಿನಿಂದಲೇ “ಸುಜಾತ, ಇವತ್ತು ಹುರುಳಿಕಾಳು ಬಸ್ಸಾರೇನೆ? ಬೆಳ್ಳುಳ್ಳಿ ಒಂಚೂರು ಸೀದದೆ ನೋಡು ಹೋಗು” ಅನ್ನುವರು. ಹೋಗಿ ನೋಡಿದರೆ ಸೀದೇ ಇರುತ್ತಿತ್ತು.

ನಮ್ಮದು ಮೀನು, ಮಾಂಸ ತಿನ್ನುವ ಮನೆ. ಭಾನುವಾರ ಮಾತ್ರ ಗೌರಕ್ಕ ಗೇಟಿನಾಚೆ ನಿಂತೇ ಮಾತಾಡಿಸುತ್ತಿದ್ದರು. ಅದನ್ನು ಅವರಾಗಲೀ ನಾನಾಗಲೀ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ರಾಗಿ ಕೊಯ್ಲು ಮುಗಿದು ಚಳಿ ಬಿದ್ದ ಮೇಲೆ ನಮ್ಮ ವ್ಯಾನು ಹೊರಡುತ್ತಿತ್ತು. ಮಿಕ್ಕವರಿಗೆ ದೇವಸ್ಥಾನ, ಸಮುದ್ರ, ಸೆಲ್ಫಿ. ಗೌರಕ್ಕನಿಗೆ ಕರಾವಳಿ ಅಂದರೆ ತಿನ್ನುವ ಜಾಗಗಳು. ಕಾಪುವಿನ ದೀಪಸ್ತಂಭ ಕಂಡರೆ “ಗೋಳಿಬಜೆ ಬಂತು” ಅನ್ನುವರು. ಉಡುಪಿಯಲ್ಲಿ ಕೃಷ್ಣನಿಗೆ ಕೈಮುಗಿದು, ಹಿಂದಿನ ಓಣಿಯಲ್ಲಿ ನಾಲ್ಕು ಮೇಜಿನ ಒಂದು ಹೋಟೆಲಿಗೆ ನಮ್ಮನ್ನು ನುಗ್ಗಿಸುವರು. ಅಲ್ಲಿ ಬಾಳೆಹಣ್ಣಿನ ಬನ್ಸು. ಮಲ್ಪೆಗೆ ಹೋಗುವ ದಾರಿಯಲ್ಲಿ ಒಬ್ಬಾಕೆ ತನ್ನ ಮನೆಯ ಜಗಲಿಯಲ್ಲೇ ನೀರುದೋಸೆ ಹುಯ್ದು ಕಾಯಿಬೆಲ್ಲದ ಜೊತೆ ಕೊಡುತ್ತಿದ್ದಳು. ಅಲ್ಲಿ ಗೌರಕ್ಕ ಕಣ್ಣುಮುಚ್ಚಿಕೊಂಡು ತಿನ್ನುವರು. ಆ ಹೊತ್ತಿನಲ್ಲಿ ಯಾರಾದರೂ ಫೋಟೋ ತೆಗೆಯಲು ಕರೆದರೆ ಅವರಿಗೆ ಕೆಟ್ಟ ಸಿಟ್ಟು ಬರುತ್ತಿತ್ತು.

ಎಲ್ಲಿ ಕುಳಿತರೂ ಮೊದಲು ಮುಟ್ಟುವುದು ಚಟ್ನಿಯನ್ನು. ಕಿರುಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೂರುವರು. ಒಮ್ಮೆ ಆ ಬನ್ಸಿನ ಹೋಟೆಲಿನಲ್ಲಿ ಎದ್ದು ಸೀದಾ ಅಡುಗೆಮನೆಯ ಬಾಗಿಲಿಗೆ ಹೋದರು. ಚೀಲದಿಂದ ಒಂದು ಕಾಯಿ ತೆಗೆದು, “ಇದನ್ನೊಂದ್ಸಲ ರುಬ್ಬಿ ನೋಡ್ರೀ ಸ್ವಾಮಿ” ಅಂದರು. ಅಡುಗೆಯವರು ಮುದುಕರು, ನಕ್ಕು ಕಾಯಿ ಒಡೆದರು. ರುಬ್ಬಿ, ಬಾಯಿಗೆ ಹಾಕಿಕೊಂಡು, “ನಿಮ್ಮ ಕಾಯಿ ಒಳ್ಳೇದುಂಟು ಅಮ್ಮ. ಆದ್ರೆ ಚಟ್ನಿಗೆ ಹೆಚ್ಚಾಯ್ತು. ಎಣ್ಣೆ ಬಿಡ್ತದೆ. ಇದು ಮಿಠಾಯಿಗೆ ಸರಿ” ಅಂದರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ತಿಪಟೂರಿನ ಕಾಯಿಗೆ ಹಾಗೆಂದರೆ ಗೌರಕ್ಕ ಸುಮ್ಮನಿರುತ್ತಾರೆಯೇ? ಅವರು ಮಾತ್ರ ತಾವೂ ಒಂದು ಬೆರಳು ನೆಕ್ಕಿ, “ಅಯ್ಯೋ ದಿಟ ಕಣೇ” ಅಂದರು. ವ್ಯಾನಿನಲ್ಲಿ ವಾಪಸು ಬರುವಾಗಲೆಲ್ಲ ಅದೇ ಮಾತು. ಸೋತಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ನೋಡಿಲ್ಲ.

ಇಷ್ಟೆಲ್ಲ ಜಾಗಗಳಿದ್ದರೂ ಗೌರಕ್ಕ ಹುಡುಕುತ್ತಿದ್ದ ಜಾಗ ಬೇರೆಯೇ ಇತ್ತು. ಎಷ್ಟೋ ವರ್ಷಗಳ ಹಿಂದೆ, ನಮ್ಮ ವ್ಯಾನಿನ ಪ್ರವಾಸ ಶುರುವಾಗುವ ಮುಂಚೆ, ಯಜಮಾನರ ಜೊತೆ ಮಲ್ಪೆಗೆ ಬಂದಿದ್ದಾಗ ಮಳೆಗೆ ಸಿಕ್ಕಿ ದೋಣಿಗಳ ಹತ್ತಿರದ ಒಂದು ಸಣ್ಣ ಊಟದ ಮನೆಗೆ ನುಗ್ಗಿದ್ದರಂತೆ. “ಮೀನು ಬ್ಯಾಡ ಕಣಮ್ಮ, ಬೇರೆ ಏನಿದ್ರೂ ಕೊಡಿ” ಅಂದಿದ್ದಕ್ಕೆ ಅಲ್ಲಿನವರು ಬಿಸಿ ಗಂಜಿ, ಉಪ್ಪಿನಕಾಯಿ, ಒಂದು ಕೆಂಪನೆಯ ಪುಡಿಚಟ್ನಿ ಕೊಟ್ಟರಂತೆ. ಯಜಮಾನರು ಖಾರಕ್ಕೆ ಹೆದರಿ ಉಪ್ಪಿನಕಾಯಲ್ಲೇ ಮುಗಿಸಿದರು. ಗೌರಕ್ಕ ಚಟ್ನಿಯನ್ನು ಎರಡೆರಡು ಸಲ ಹಾಕಿಸಿಕೊಂಡರು.

“ಹುರಿದ ಕಾಯಿ ಅಂತ ಗೊತ್ತಾಯ್ತದೆ, ಒಣಮೆಣಸಿನಕಾಯಿ ಅಂತ ಗೊತ್ತಾಯ್ತದೆ. ಆಮೇಲೆ ಇನ್ನೊಂದೇನೋ ಅದೆ ಕಣೇ. ಅದೇನು ಅಂತ ಇವತ್ತಿಗೂ ಗೊತ್ತಿಲ್ಲ. ಹುಟ್ಟಿದಾಗಿಂದ ಕಾಯಿ ಮಧ್ಯೆ ಬೆಳ್ದೋಳು ನಾನು, ನಂಗೇ ಗೊತ್ತಾಗ್ದಂಗೆ ಕಾಯಿಗೆ ಏನ್ ಬೆರ್ಸಿದ್ರು?” ಇದನ್ನು ಅವರು ನನಗೆ ಹೇಳದ ವರ್ಷವಿಲ್ಲ. ಮನೆಯಲ್ಲಿ ಮಾಡಿ ನೋಡಿದ್ದರು, ಬಂದಿರಲಿಲ್ಲ. ಮಳೆಯಲ್ಲಿ ಹೊಕ್ಕ ಆ ಮನೆಯ ಗುರುತು ಉಳಿದಿರಲಿಲ್ಲ; ಮಲ್ಪೆಯ ಸಸ್ಯಾಹಾರಿ ಹೋಟೆಲುಗಳನ್ನೆಲ್ಲ ಸುತ್ತಿದ್ದರು, ಸಿಕ್ಕಿರಲಿಲ್ಲ.

ಸಿಕ್ಕಿದ ವರ್ಷ ಅವರ ಜೊತೆ ಇದ್ದವಳು ನಾನು. ಮಿಕ್ಕವರು ನೀರಾಟಕ್ಕೆ ಇಳಿದಿದ್ದರು. ನಾವಿಬ್ಬರೂ ಬಲೆ ಒಣಹಾಕಿದ್ದ ಕಡೆ ನಡೆದು ಹೋಗುವಾಗ ಗೌರಕ್ಕ ತಟ್ಟನೆ ನಿಂತು ಕನ್ನಡಕ ತೆಗೆದರು. ಎದುರಿಗೆ ಹಂಚಿನ ಮಾಡು, ನೀಲಿ ಬಣ್ಣದ ಬಾಗಿಲು, “ಊಟ ತಯಾರಿದೆ” ಅನ್ನುವ ಹಲಗೆ. “ಇದೇ,” ಅಂದರು.

ಮನೆಯೊಡತಿ ಜಲಜಕ್ಕ ನಮ್ಮ ಮುಂದೆ ಗಂಜಿ ಇಟ್ಟು, ಭರಣಿಯಿಂದ ಚಟ್ನಿ ಹಾಕಿ ಒಳಗೆ ಹೋದಳು. ಗೌರಕ್ಕ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕಿರುಬೆರಳು ಚಾಚುವಷ್ಟರಲ್ಲಿ ಆತುರದವಳು ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಿದ್ದೆ. ಹಾಕಿಕೊಂಡವಳು ಅವರ ಕೈ ಹಿಡಿದೆ.

“ಗೌರಕ್ಕ, ತಿನ್ಬೇಡಿ.”

“ಯಾಕೆ, ಮುಗ್ಗಲು ಬಂದದಾ?”

“ಇಲ್ಲ. ಇದು ಒಣ ಸಿಗಡಿ ಚಟ್ನಿ.”

ಅವರ ಬೆರಳು ಅಲ್ಲೇ ನಿಂತಿತು. ಜಲಜಕ್ಕ ನೀರು ತಂದಾಗ, “ಇದ್ರಲ್ಲಿ ಮೊದ್ಲಿಂದಾನೂ ಸಿಗಡಿ ಹಾಕ್ತಿದ್ರೇನಮ್ಮ?” ಅಂತ ಮೆಲ್ಲಗೆ ಕೇಳಿದರು.

“ಎಂತ ಅಮ್ಮ, ಸಿಗಡಿ ಹಾಕದೆ ಸಿಗಡಿ ಚಟ್ನಿ ಮಾಡುದು ಹೇಗೆ? ನಮ್ಮತ್ತೆ ಕಾಲದಿಂದ ಇದೇ.”

“ಆವತ್ತು ಮೀನು ಬ್ಯಾಡ ಅಂದಿದ್ದೆ.”

“ಮೀನು ಬೇಡ ಅಂದ್ರೆ ನಮ್ಮತ್ತೆ ಮೀನು ಹಾಕಿರ್ಲಿಕ್ಕಿಲ್ಲ. ಚಟ್ನಿ ಬೇಡ ಅಂದಿದ್ರಾ?”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅವರ ಕಡೆ ಮೀನೆಂದರೆ ತಟ್ಟೆಯಲ್ಲಿ ಮಲಗಿರುವ ಮೀನು, ಚಟ್ನಿ ಚಟ್ನಿಯೇ. ಗೌರಕ್ಕ ಕೈ ತೊಳೆದುಕೊಂಡು ಹೊರಗೆ ಬಂದು ಮರಳಿನ ಮೇಲೆ ಕುಳಿತುಬಿಟ್ಟರು. ಕಡೆಗೆ ಸೆರಗಿನಿಂದ ಮುಖ ಒರೆಸಿಕೊಂಡು, “ಇಷ್ಟು ವರ್ಷ ಪೂಜೆಗೆ ಕೂತಾಗ್ಲೂ ಆ ಚಟ್ನಿ ನೆನಪಾಗಿ ಬಾಯಲ್ಲಿ ನೀರು ಬಂದದೆ ಸುಜಾತ.” ಅಂದರು. ಮತ್ತೆ ಸ್ವಲ್ಪ ಹೊತ್ತಿಗೆ, “ಹೋಗಿ ಕೇಳು. ಸಿಗಡಿ ಹುರಿದು ಹಾಕ್ತಾಳಾ, ಹಸೀದೇ ಹಾಕ್ತಾಳಾ?” ಅಂದರು.

ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆ. “ತಿನ್ನೋಕಲ್ಲ ಕಣೇ. ತಿಳ್ಕೊಳ್ಳೋಕೆ,” ಅಂದರು.

ಊರಿಗೆ ಬಂದ ಮೇಲೆ ಒಂದಷ್ಟು ಸೋಮವಾರ ಉಪವಾಸ ಮಾಡಿದರು. ನೊಣವಿನಕೆರೆಯ ಮಠಕ್ಕೂ ಹೋಗಿ ಬಂದರು. ಆಮೇಲೆ ಒಂದು ಮಧ್ಯಾಹ್ನ ನನ್ನ ಜಗಲಿಗೆ ಬಂದು, ಮಿಷನ್ನಿನ ಪಕ್ಕದಲ್ಲಿ ಒಂದು ಸ್ಟೀಲಿನ ಡಬ್ಬಿ ಇಟ್ಟರು. ಜಲಜಕ್ಕನಿಂದ ನಾನು ಒಂದು ಪೊಟ್ಟಣ ಸಿಗಡಿ ಚಟ್ನಿ ತಂದಿದ್ದು ಅವರಿಗೆ ಗೊತ್ತಿತ್ತು.

“ಆ ಪ್ರಾಣಿ ನಂಗೆ ಬ್ಯಾಡ. ಆ ರುಚಿ ಬೇಕು. ಕಾಯಿಂದ್ಲೇ ತರ್ತೀನಿ. ನೀನು ಎರಡನ್ನೂ ತಿನ್ನೋಳು. ಅದೊಂದು ಚಿಟಿಕೆ, ಇದೊಂದು ಚಿಟಿಕೆ ತಿಂದು ಏನು ಕಡಿಮೆ ಅಂತ ಹೇಳು.”

ಹೀಗೆ ನಾನು ಗೌರಕ್ಕನ ನಾಲಿಗೆಯಾದೆ. ಆ ಕೆಲಸ ಅವರು ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಲ ಡಬ್ಬಿ ತಿಂದು “ಸಮುದ್ರ ಕಡಿಮೆ” ಅಂದಿದ್ದಕ್ಕೆ ಬೈಸಿಕೊಂಡೆ. “ಸಮುದ್ರ ಅಂದ್ರೆ ಏನೇ? ಉಪ್ಪಾ? ಒಗರಾ? ನಾಲಿಗೆ ತುದೀಲೋ ಗಂಟ್ಲಲ್ಲೋ? ಬ್ಲೌಸು ಬಿಗಿ ಅಂದ್ರೆ ಎಲ್ಲಿ ಬಿಗಿ ಅಂತ ನನ್ನ ಕೇಳಲ್ವಾ ನೀನು?” ಅಂದಮೇಲೆ ನಾನೂ ಕಣ್ಣು ಮುಚ್ಚಿಕೊಂಡು ತಿನ್ನುವುದನ್ನು ಕಲಿತೆ. ಉಪ್ಪಲ್ಲ, ಒಂದು ಬಗೆಯ ಸಿಹಿ. ಕಡೆಯಲ್ಲಿ ಹೊಗೆ. ಹಲ್ಲಿಗೆ ಸಿಕ್ಕುವ ಕರುಕರು. ನನ್ನ ಬಾಯಲ್ಲಿ ಇಷ್ಟೆಲ್ಲ ನಡೆಯುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಡಬ್ಬಿಗಳು ಬರುತ್ತಲೇ ಇದ್ದವು. ಹುಚ್ಚೆಳ್ಳು ಹುರಿದು ಹಾಕಿದರು, ಅದರ ವಾಸನೆಯೇ ಮಿಕ್ಕಿದ್ದನ್ನು ಮುಚ್ಚಿಬಿಟ್ಟಿತು. ಕರುಕರುಗೆ, ಮಜ್ಜಿಗೆ ಉಪ್ಪಿನಲ್ಲಿ ನೆನೆಸಿ ಒಣಗಿಸಿದ ಗೋರಿಕಾಯಿಯನ್ನು ಹುರಿದು ಕುಟ್ಟಿ ಹಾಕಿದರು. ಅದು ಹತ್ತಿರ ಬಂತು. ಹೊಗೆ ಮಾತ್ರ ಬರಲಿಲ್ಲ. ಕೆಂಡದ ಮೇಲೆ ಕೊಬ್ಬರಿ ಸುಟ್ಟರೆ ಸೀದ ವಾಸನೆಯೇ ಹೊರತು ಹೊಗೆಯಲ್ಲ. “ಇದು ಬೆಂಕಿ ಗೌರಕ್ಕ, ಅದು ಹೊಗೆ” ಅಂದಾಗ ಅವರು ಬೇಜಾರಾಗುವ ಬದಲು ನನ್ನ ಬೆನ್ನು ತಟ್ಟಿದರು.

ಹೊಗೆ ಸಿಕ್ಕಿದ್ದು ಹಾಲ್ಕುರಿಕೆಯಲ್ಲಿ, ಅವರ ಅಕ್ಕನ ಮನೆಯಲ್ಲಿ. ಅಲ್ಲಿ ಇನ್ನೂ ಸೌದೆ ಒಲೆ. ಒಲೆಯ ನೇರಕ್ಕಿದ್ದ ಅಟ್ಟದ ಮೂಲೆಯಲ್ಲಿ ಕೆಲವು ಕಾಯಿಗಳಿಗೆ ವರ್ಷವಿಡೀ ಹೊಗೆ ತಾಕಿ ಕೊಬ್ಬರಿ ಕಂದುಬಣ್ಣಕ್ಕೆ ತಿರುಗಿರುತ್ತಿತ್ತು. ಮಂಡಿಯಲ್ಲಿ ಆ ಮಾಲನ್ನು ಬೇರೆ ರಾಶಿಗೆ ತಳ್ಳುತ್ತಾರೆ. ಗೌರಕ್ಕ ಅದನ್ನೇ ಮಡಿಲಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಬಂದರು. ಯಜಮಾನರು ತಲೆ ಚಚ್ಚಿಕೊಂಡು, “ಮನೆ ತುಂಬ ಒಂದನೇ ನಂಬರ್ ಕೊಬ್ಬರಿ ಇಟ್ಕೊಂಡು ಈ ಕರಿ ಮಾಲು ತಂದವಳಲ್ಲಪ್ಪ” ಅಂದರಂತೆ. ಸಿಗಡಿಯ ವಿಷಯ ಅವರಿಗೆ ಕಡೆಯವರೆಗೂ ಗೊತ್ತಾಗಲಿಲ್ಲ.

ಆ ಡಬ್ಬಿ ತರುವ ಹೊತ್ತಿಗೆ ಗೌರಕ್ಕ ಇಳಿದುಹೋಗಿದ್ದರು. ಸಡಿಲವಾಗಿದ್ದ ಅವರ ಬ್ಲೌಸುಗಳನ್ನೆಲ್ಲ ನಾನು ಹಿಡಿದು ಹೊಲಿದಿದ್ದೆ. ಎದೆ ಹಿಡಿದಂತಾಗುತ್ತದೆ, ಡಾಕ್ಟರು ಉಪ್ಪು ಖಾರ ಬಿಡಿಸಿದ್ದಾರೆ ಅಂತ ನಗುತ್ತಲೇ ಹೇಳಿದರು. ಅಂದರೆ ತಾವೇ ಮಾಡಿದ್ದನ್ನು ತಾವು ತಿನ್ನುವ ಹಾಗಿಲ್ಲ. ನನ್ನ ಬಳಿಯ ಸಿಗಡಿ ಪೊಟ್ಟಣವೂ ಮುಗಿದಿತ್ತು. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಗೌರಕ್ಕ ಕನ್ನಡಕ ಸರಿಮಾಡಿಕೊಂಡು ನನ್ನ ಮುಖವನ್ನೇ ನೋಡುತ್ತ ಕುಳಿತರು.

“ಬಂತಾ?”

ಬಂತು ಅನ್ನಬೇಕೆಂದು ನನಗೆ ತುಂಬ ಆಸೆಯಾಯಿತು. “ಬಂದಂಗಿದೆ ಗೌರಕ್ಕ” ಅಂದೆ.

“ಬಂದಂಗಿದೆ ಅನ್ನೋದು ಬುಡು. ಪಕ್ಕದಲ್ಲಿ ಅದಿಲ್ದೆ ಹೆಂಗ್ ಹೇಳ್ತೀಯ? ವ್ಯಾನು ಹೋಗ್ಲಿ, ಅಲ್ಲಿ ಅದರ ಜೊತೆಗಿಟ್ಟು ನೋಡು. ಊಹೆ ಮಾಡಿ ಹೇಳ್ಬ್ಯಾಡ. ನಾನು ಕಾಯ್ತೀನಿ.” ಗೇಟಿನ ಹತ್ತಿರ ಹೋದವರು ತಿರುಗಿ, “ಡಬ್ಬಿ ಬಿಗಿಯಾಗಿ ಮುಚ್ಚಿಡು, ಮೆತ್ತಗಾಯ್ತದೆ” ಅಂದರು. ನಾನು ಅವರ ಬಾಯಿಂದ ಕೇಳಿದ ಕಡೆಯ ಮಾತು ಅದು. ವ್ಯಾನು ಹೊರಡುವ ಮುಂಚೆಯೇ ಗೌರಕ್ಕ ಲಿಂಗೈಕ್ಯರಾದರು.

ಈ ಸಲ ಹೋಗುವುದೇ ಬೇಡ ಅಂತ ಬೀದಿಯವರೆಲ್ಲ ಅಂದರು. ನಾನೇ ಹಟಮಾಡಿ ಹೊರಡಿಸಿದೆ. ಘಾಟಿಯಲ್ಲಿ ಯಾವ ಕಾಯಿಯೂ ಉರುಳಲಿಲ್ಲ. ಡ್ರೈವರು ಒಂದೆರಡು ತಿರುವಿನಲ್ಲಿ ತನ್ನ ಕಾಲಬುಡ ನೋಡಿಕೊಂಡ. ಮಲ್ಪೆಯಲ್ಲಿ ಎಲ್ಲರೂ ನೀರಿಗೆ ಇಳಿದಾಗ ನಾನು ಡಬ್ಬಿ ಹಿಡಿದು ಆ ನೀಲಿ ಬಾಗಿಲಿಗೆ ಹೋದೆ.

ಗಂಜಿ ಬಂತು, ಚಟ್ನಿ ಬಂತು. ಅದೊಂದು ಚಿಟಿಕೆ, ಇದೊಂದು ಚಿಟಿಕೆ ತಿಂದೆ. ಕಣ್ಣು ತುಂಬಿಕೊಂಡು ನನಗೆ ಯಾವುದೂ ಸರಿಯಾಗಿ ತಿಳಿಯಲಿಲ್ಲ. ಪ್ರೀತಿಯಿಂದ ಸುಳ್ಳು ಹೇಳುತ್ತಿದೆಯೋ ಏನೋ ಅಂತ ನನ್ನ ನಾಲಿಗೆಯ ಮೇಲೇ ಅನುಮಾನ. ಜಲಜಕ್ಕನನ್ನು ಕರೆದು, ಏನೂ ಹೇಳದೆ ಅವಳ ಅಂಗೈಗೆ ಡಬ್ಬಿಯಿಂದ ಸ್ವಲ್ಪ ಹಾಕಿದೆ.

ಅವಳು ಬಾಯಿಗೆ ಎಸೆದುಕೊಂಡು, ಅಗಿದು, ಇನ್ನೊಂದು ಸಲ ಅಂಗೈ ಚಾಚಿದಳು. ಅದನ್ನೂ ಅಗಿದಳು.

“ಒಳ್ಳೇದುಂಟು. ಎಲ್ಲಿಯ ಸಿಗಡಿ ಇದು?” ಅಂದಳು. “ಆದ್ರೆ ಸಿಗಡಿ ಸ್ವಲ್ಪ ಕಡಿಮೆ ಹಾಕಿದ್ದೀರಿ.”

ನಾನು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಬೆಂಚು ಖಾಲಿಯಿತ್ತು. ಗೌರಕ್ಕ ಅಲ್ಲಿದ್ದಿದ್ದರೆ ಮೊದಲು ಏನು ಕೇಳುತ್ತಿದ್ದರೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕಣ್ಣೊರೆಸಿಕೊಂಡು ಅವರ ಬದಲಿಗೆ ನಾನೇ ಕೇಳಿದೆ:

“ಎಷ್ಟು ಕಡಿಮೆ?”